ಮರದೊಳಗಿನ ಗುರುತು

ಏಸಹೆಲ್ ಪಿಂಗ್ರಿಯ ಸಾರ್ವಜನಿಕ ಜೀವನ ಹಂದಿಗಳಿಂದ ಶುರುವಾಯಿತು. ಎಲ್ಡನ್ ಊರಿನ ಮಾರ್ಚ್ ಸಭೆಯಲ್ಲಿ ಆ ವರ್ಷ ಹೊಸದಾಗಿ ಮದುವೆಯಾದವನನ್ನು ಹಂದಿ ಹಿಡಿಯುವ ಅಧಿಕಾರಿಯೆಂದು ಆರಿಸುವುದು ಹಳೆಯ ತಮಾಷೆ. ಹೆಸರು ಕೂಗಿದಾಗ ಮದುಮಗ ನಾಚಬೇಕು, ಊರು ನಗಬೇಕು, ಅಲ್ಲಿಗೆ ಮುಗಿಯಿತು. 1829ರ ಸಭೆಯಲ್ಲಿ ಏಸಹೆಲ್‌ನ ಹೆಸರು ಕೂಗಿದರು. ಅವನು ನಾಚಲಿಲ್ಲ. ಎದ್ದು ನಿಂತು, ಬಲಗೈ ಎತ್ತಿ, ಪ್ರಮಾಣ ಮಾಡಿದ. ಮರುದಿನ ಬೆಳಗ್ಗೆ ಬೀದಿಗೆ ಬಿದ್ದಿದ್ದ ಹಂದಿಗಳನ್ನೆಲ್ಲ ಹಿಡಿದು, ಕಾಯಿದೆಯಲ್ಲಿ ಹೇಳಿದ ಹಾಗೆ ಮೂಗಿಗೆ ಉಂಗುರ ಹಾಕಿ, ಕೊರಳಿಗೆ ಮರದ ಚೌಕಟ್ಟು ಕಟ್ಟಿ, ಒಡೆಯರ ಬಾಗಿಲಿಗೆ ಮುಟ್ಟಿಸಿದ. ಪಾದ್ರಿಯ ಹಂದಿಯನ್ನೂ ಬಿಡಲಿಲ್ಲ.

"ಅದು ತಮಾಷೆ ಕಣೋ ಏಸ," ಎಂದು ಡೋರ್ಕಸತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗೋಕೆ ಅಂತ ಆರಿಸಿದ್ರೆ ನೀನು ಹಂದಿ ಹಿಂದೆ ಓಡ್ತೀಯಲ್ಲೋ!"

"ಪ್ರಮಾಣ ಮಾಡಿದ್ದೀನಲ್ಲ ಅತ್ತೆ."

"ಮಾಡಿದ್ದೀಯಪ್ಪ, ಮಾಡಿದ್ದೀಯ. ಪಾಪ, ಆ ಹಂದಿಗಳಿಗೆ ಅದು ಗೊತ್ತಿರಲಿಲ್ಲ."

ಡೋರ್ಕಸ್ ವೈಮನ್ ಅವನಿಗೆ ರಕ್ತಸಂಬಂಧದ ಅತ್ತೆಯಲ್ಲ. ಊರಿಗೆಲ್ಲ ಅತ್ತೆ. ಸೈಲಸ್ ವೈಮನ್‌ನ ಕೈಹಿಡಿದು ಊರಿನ ಬಡಗಣ ತುದಿಗೆ ಬಂದಾಗ ಅವಳಿಗೆ ಇಪ್ಪತ್ತು. ಅಲ್ಲಿಂದ ಮುಂದೆ ಎಲ್ಡನ್ನಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಕಂಡದ್ದು ಅವಳ ಕೈಗಳನ್ನು. ಅವಳು ಎತ್ತಿಕೊಂಡ ಮೊಟ್ಟಮೊದಲ ಕೂಸೇ ಏಸಹೆಲ್. ಮುಂದೆ ಅವನ ಹೆಂಡತಿ ಪರ್ಸಿಸ್‌ಗೆ ಹುಟ್ಟಿದ ಇಬ್ಬರು ಮಕ್ಕಳನ್ನು ಎತ್ತಿಕೊಂಡವಳೂ ಅವಳೇ. ಒಂದೇ ವಾರದಲ್ಲಿ ಗಂಟಲುಬೇನೆ ಇಬ್ಬರನ್ನೂ ಕೊಂಡೊಯ್ದಾಗ ಮೈತೊಳೆದು ಬಿಳಿಬಟ್ಟೆ ಉಡಿಸಿದವಳೂ ಅವಳೇ.

ಹಂದಿಗಳ ವಿಷಯದಲ್ಲಿ ಇಷ್ಟು ನಿಯತ್ತಿನವನು ಉಳಿದ ಕೆಲಸಕ್ಕೂ ಆದಾನು ಎಂದು ಊರಿಗೆ ನಿಧಾನವಾಗಿ ಹೊಳೆಯಿತು. ಬೇಲಿ ಜಗಳ ತೀರಿಸುವ ಕೆಲಸ ಕೊಟ್ಟರು. ತಪ್ಪಿಸಿಕೊಂಡ ದನಗಳ ದೊಡ್ಡಿಯ ಬೀಗದ ಕೈ ಕೊಟ್ಟರು. ಮುದುಕ ನೋಯ್ಸ್ ಬಳಿ ಭೂಮಿ ಅಳೆಯುವುದನ್ನು ಕಲಿತು, ನೋಯ್ಸ್ ತೀರಿಕೊಂಡಾಗ ಅವನ ದಿಕ್ಸೂಚಿಯೂ ಸರಪಳಿಯೂ ಏಸಹೆಲ್‌ನ ಪಾಲಿಗೆ ಬಂದವು. ಆಮೇಲೆ ಊರನ್ನು ನಡೆಸುವ ಮೂವರು ಹಿರಿಯರಲ್ಲಿ ಒಬ್ಬನಾದ. ನಲವತ್ತು ದಾಟುವ ಹೊತ್ತಿಗೆ ಜನ ಅವನನ್ನು ಗೌರವದಿಂದ ಸ್ಕ್ವೈರ್ ಎಂದು ಕರೆಯತೊಡಗಿದ್ದರು. ಏಸ ಎನ್ನುವವಳು ಡೋರ್ಕಸತ್ತೆ ಒಬ್ಬಳೇ.

ಅವನು ಅಳೆದ ಗೆರೆ ತಪ್ಪಿದ್ದಿಲ್ಲ ಎಂಬುದು ಸುತ್ತಲಿನ ಆರು ಊರುಗಳ ಮಾತು. ಕಳೆದುಹೋದ ಮೂಲೆಕಲ್ಲನ್ನು ಹುಡುಕಿ ಕೊಡುವುದರಲ್ಲಿ ಅವನದು ಎತ್ತಿದ ಕೈ. "ಗೊತ್ತಿರೋ ಒಂದು ಜಾಗ ತೋರಿಸಿ," ಎನ್ನುತ್ತಿದ್ದ, "ಒಂದೇ ಒಂದು ಸಾಕು. ಉಳಿದದ್ದನ್ನ ನಾನು ಹುಡುಕ್ತೀನಿ."

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾನೂನಿನಂತೆ ಏಳು ವರ್ಷಕ್ಕೊಮ್ಮೆ ಅಕ್ಕಪಕ್ಕದ ಊರುಗಳ ಹಿರಿಯರು ಜೊತೆಯಾಗಿ ಎಲ್ಲೆಯನ್ನು ನಡೆಯಬೇಕು. ಗುರುತಿನ ಮರ ಕಂಡಾಗ ಕೊಡಲಿಯಿಂದ ಹೊಸ ಗಾಯ ಮಾಡಬೇಕು, ಪ್ರತಿ ಮೂಲೆಯಲ್ಲೂ ಒಂದು ಗುಟುಕು ರಮ್ ಕುಡಿಯಬೇಕು. ಎರಡನೆಯದು ಕಾನೂನಿನಲ್ಲಿ ಇರಲಿಲ್ಲ, ಆದರೆ ಯಾರೂ ತಪ್ಪಿಸುತ್ತಿರಲಿಲ್ಲ. ಪಡುವಣದ ಮರ್ಸ್‌ಟನ್ ಊರಿನ ಕಡೆಯ ಎಲ್ಲೆಯನ್ನು ಮಾತ್ರ ಮೊದಲ ಅಳತೆಯ ನಂತರ ಯಾರೂ ನಡೆದಿರಲಿಲ್ಲ. 1851ರಲ್ಲಿ ಅದನ್ನು ನಡೆಯಲು ಹೋದಾಗ ನಡೆಯಲು ಎಲ್ಲೆಯೇ ಇರಲಿಲ್ಲ. ಕುರಿಯ ಉಣ್ಣೆಗೆ ಬೆಲೆ ಬಂದ ವರ್ಷಗಳಲ್ಲಿ ಎರಡೂ ಊರಿನವರು ಬೆಟ್ಟವನ್ನೆಲ್ಲ ಬೋಳಿಸಿದ್ದರು. ಗುರುತಿನ ಮರಗಳು ಒಲೆ ಸೇರಿದ್ದವು, ಗುರುತಿನ ಕಲ್ಲುಗಳು ಹಟ್ಟಿಯ ಗೋಡೆ ಸೇರಿದ್ದವು. ತೆಂಕಣದ ಹಳ್ಳದ ಬಂಡೆಯೊಂದು ಮಾತ್ರ ಉಳಿದಿತ್ತು.

"ಇಲ್ಲಿಂದ ಬಡಗಣಕ್ಕೆ ಎರಡೂವರೆ ಮೈಲಿ," ಎಂದ ಮರ್ಸ್‌ಟನ್‌ನ ಹಿರಿಯ ಗೈಲ್ಸ್ ಟಟಲ್. ದಪ್ಪ ಮೈಯ, ಒಳ್ಳೆಯ ಮನಸ್ಸಿನ, ಬಾಯಿ ಸುಮ್ಮನಿರದ ಮನುಷ್ಯ. "ಕುರಿಗಳನ್ನ ಕೇಳಬೇಕಷ್ಟೆ ಸ್ಕ್ವೈರ್, ಅವು ಎಲ್ಲಾ ನೋಡಿವೆ."

ಏಸಹೆಲ್ ಕುರಿಗಳನ್ನು ಕೇಳಲಿಲ್ಲ. ಊರಿನ ಪುಸ್ತಕ ತೆರೆದ. 1794ರ ಮೊದಲ ಅಳತೆಯ ಪುಟದಲ್ಲಿ ಗೆರೆಯ ದಿಕ್ಕು ಬರೆದಿತ್ತು. ದಿಕ್ಸೂಚಿಯ ಮುಳ್ಳು ನಿಂತಲ್ಲಿ ನಿಲ್ಲುವುದಿಲ್ಲ. ವರ್ಷ ಕಳೆದಂತೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಪಡುವಣಕ್ಕೆ ಸರಿಯುತ್ತದೆ. ಹಳೆಯ ಗೆರೆಯನ್ನು ಮತ್ತೆ ಎಳೆಯುವವನು ಆ ಸರಿತವನ್ನು ಲೆಕ್ಕಹಾಕಿ ಮೂಡಣಕ್ಕೆ ಸೇರಿಸಬೇಕು. ಸೋಮಾರಿ ಅಳತೆಗಾರರು ಸೇರಿಸುವುದಿಲ್ಲ. ಏಸಹೆಲ್ ಐವತ್ತೇಳು ವರ್ಷಗಳ ಸರಿತವನ್ನು ಪೂರ್ತಿ ಸೇರಿಸಿದ, ಮೂರು ದಿನ ಸರಪಳಿ ಎಳೆಸಿದ.

ಮೂರನೆಯ ದಿನ ಗೆರೆ ಡೋರ್ಕಸತ್ತೆಯ ಮನೆಯ ಹತ್ತಿರ ಬಂತು. ಬಂದು, ಮನೆಯ ಮೂಡಣಕ್ಕೆ ಅರವತ್ತು ಹೆಜ್ಜೆಯಲ್ಲಿ ಹಾದುಹೋಯಿತು. ಮನೆ ಮರ್ಸ್‌ಟನ್ ಪಾಲಾಯಿತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. "ಏನೋ ಇದು? ಎಲ್ಡನ್ನಿನಲ್ಲಿ ಮಲಗಿದವಳು ಮರ್ಸ್‌ಟನ್ನಿನಲ್ಲಿ ಎದ್ದೆನಾ?"

"ಅಳತೆ ಹಾಗೆ ಹೇಳುತ್ತೆ ಅತ್ತೆ."

"ಆ ಮೇಪಲ್ ಮರವೇ ಎಲ್ಲೆ ಅಂತಿದ್ದ ಸೈಲಸ್." ಅವಳು ಮನೆಯ ಪಡುವಣಕ್ಕಿದ್ದ ದೊಡ್ಡ ಮರವನ್ನು ತೋರಿಸಿದಳು. ಕುರಿಯ ಕಾಲದಲ್ಲೂ ಅದು ಉಳಿದದ್ದು ಅದರ ಸಿಹಿರಸಕ್ಕಾಗಿ. ಪ್ರತಿ ಮಾರ್ಚಿನಲ್ಲಿ ಅವಳು ರಸ ಇಳಿಸಿ ಕಾಯಿಸಿ ಸಕ್ಕರೆ ಮಾಡಿ ಊರಿನ ಬಾಣಂತಿಯರಿಗೆ ಕೊಡುತ್ತಿದ್ದಳು.

ಏಸಹೆಲ್ ಮರವನ್ನು ಸುತ್ತು ಹಾಕಿ, ತೊಗಟೆಯನ್ನು ಅಂಗೈಯಿಂದ ಸವರಿ ನೋಡಿದ. ಗಾಯದ ಗುರುತಿರಲಿಲ್ಲ. ಹಳೆಯ ಗಾಯದ ಮೇಲೆ ಮರ ಬೆಳೆದು ಮುಚ್ಚಿರಬಹುದು ಎಂಬುದು ಅವನಿಗೆ ಗೊತ್ತಿತ್ತು. ಹಾಗಿದ್ದರೆ ಕೊಡಲಿಯಿಂದ ಒಂದು ಕಿಟಕಿ ಕೊರೆದು ಒಳಗೆ ನೋಡಬೇಕು. ಕೊಡಲಿ ಕೈಯಲ್ಲೇ ಇತ್ತು. ಆದರೆ ಅತ್ತೆಯ ಸಕ್ಕರೆಯ ಮರ. ಅಷ್ಟು ಆಳ ಕೊರೆದರೆ ರಸ ಹೋಗುತ್ತದೆ. ಅಳತೆಯ ಬಗ್ಗೆ ಅವನಿಗೆ ಅನುಮಾನವೂ ಇರಲಿಲ್ಲ.

"ಬೇಡ, ಮರಕ್ಕೆ ನೋವು ಮಾಡೋದು ಬೇಡ," ಎಂದು ಕೊಡಲಿ ಕೆಳಗಿಟ್ಟ.

"ಹೋಗ್ಲಿ ಬಿಡು," ಎಂದಳು ಅತ್ತೆ. "ಎಲ್ಲಿ ಎದ್ದರೇನು, ಮಲಗೋಕೆ ಜಾಗ ಎಲ್ಡನ್ನಲ್ಲೇ ಇದೆಯಲ್ಲ."

ಅದು ನಿಜವಾಗಿತ್ತು. ಇಪ್ಪತ್ತು ವರ್ಷದ ಹಿಂದೆ ಸೈಲಸ್ ಸತ್ತಾಗ ಗಂಡಹೆಂಡಿರಿಬ್ಬರಿಗೂ ಒಂದೇ ಕಲ್ಲು ನಿಲ್ಲಿಸಿದ್ದರು. ಅದರಲ್ಲಿ ಅವಳ ಹೆಸರನ್ನೂ 1779 ಎಂಬ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿ, ಮುಂದೆ ಒಂದು ಬೆರಳಗಲ ಖಾಲಿ ಬಿಟ್ಟಿದ್ದರು. ಭಾನುವಾರ ಪ್ರಾರ್ಥನೆ ಮುಗಿಸಿ ಬರುವಾಗ ಅವಳು ಕಲ್ಲನ್ನು ತಟ್ಟಿ, "ಬಾಡಿಗೆದಾರಳು ಇನ್ನೂ ಬಂದಿಲ್ಲ ಸೈಲಸ್, ತಾಳು," ಎನ್ನುತ್ತಿದ್ದಳು.

ಮರು ವರ್ಷ ಎಲ್ಡನ್ ಏಸಹೆಲ್‌ನನ್ನು ರಾಜಧಾನಿ ಕಾಂಕರ್ಡ್‌ನ ಶಾಸನಸಭೆಗೆ ಕಳಿಸಿತು. ಅಲ್ಲಿ ರೈಲುದಾರಿಗಳ ಗದ್ದಲದಲ್ಲಿ ಹಿಂದಿನ ಬೆಂಚಿನ ರೈತರ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಆದರೂ ಅವನು ಒಂದು ಕಾಯಿದೆ ಮಾಡಿಸಿಕೊಂಡು ಬಂದ: ಎಲ್ಡನ್ ಮತ್ತು ಮರ್ಸ್‌ಟನ್ ನಡುವಿನ ಎಲ್ಲೆ ಏಸಹೆಲ್ ಪಿಂಗ್ರಿ ಅಳೆದ ಗೆರೆಯೇ, ಇನ್ನು ಮುಂದೆ ಎಂದೆಂದಿಗೂ. ಅವನ ಹೆಸರಿದ್ದ ಒಂದೇ ಕಾಯಿದೆ ಅದು. ಅಚ್ಚಾದ ಹಾಳೆಯನ್ನು ಪರ್ಸಿಸ್ ಬೈಬಲಿನೊಳಗೆ, ಸತ್ತ ಮಕ್ಕಳ ಹೆಸರು ಬರೆದ ಪುಟದ ಪಕ್ಕ ಇಟ್ಟಳು.

ಆ ಚಳಿಗಾಲ ಡೋರ್ಕಸತ್ತೆ ಬಾವಿಕಟ್ಟೆಯ ಹಿಮದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎಪ್ಪತ್ತಮೂರು ವರ್ಷ. ಮಕ್ಕಳಿಲ್ಲ. ಎಲ್ಡನ್ನಿನಲ್ಲಿ ಕೈಲಾಗದವರನ್ನು ಊರಿನ ಮನೆಗಳಲ್ಲೇ ಇಟ್ಟುಕೊಂಡು ನೋಡುವ ರೂಢಿ. ಮರ್ಸ್‌ಟನ್ನಿನಲ್ಲಿ ಹಾಗಲ್ಲ, ಬೆಟ್ಟದಾಚೆ ಒಂಬತ್ತು ಮೈಲಿಯಲ್ಲಿ ಬಡವರ ಮನೆಯೊಂದನ್ನು ಕಟ್ಟಿಸಿ, ಇಂಥವರನ್ನೆಲ್ಲ ಅಲ್ಲಿಗೆ ಸಾಗಿಸುತ್ತಿದ್ದರು.

"ಅವಳು ಯಾರ ಊರಿನವಳು?" ಹಿರಿಯರು ಸೇರಿದಾಗ ಕೇಳಿದ ಪ್ರಶ್ನೆ ಅದೊಂದೇ. ಕೇಳಿದವರೆಲ್ಲ ಅವಳ ಕೈಯಲ್ಲೇ ಹುಟ್ಟಿದವರು. "ಕಾಯಿದೆ ನಿಮ್ಮದೇ ಸ್ಕ್ವೈರ್. ನೀವೇ ಹೇಳಿ."

ಏಸಹೆಲ್ ತನ್ನ ಟೋಪಿಯನ್ನು ಕೈಗೆತ್ತಿಕೊಂಡ. "ಗೆರೆಯ ಆಚೆಯವಳು," ಎಂದ.

ಮನೆಗೆ ಬಂದಾಗ ಪರ್ಸಿಸ್ ರೊಟ್ಟಿ ಬೇಯಿಸುತ್ತಿದ್ದಳು. ತಿರುಗಿ ನೋಡದೆ ಹೇಳಿದಳು: "ಮಕ್ಕಳ ಕೋಣೆ ಖಾಲಿ ಇದೆ. ನಾಳೆ ಹೋಗಿ ಕರ್ಕೊಂಡು ಬನ್ನಿ."

"ಕಾಯಿದೆ ಮಾಡಿದವನೇ ಬಗ್ಗಿಸಿದರೆ ಹೇಗೆ ಪರ್ಸಿಸ್? ಪಿಂಗ್ರಿ ಬೇರೆಯವರಿಗೆ ಮಾತ್ರ ಗೆರೆ ಎಳೀತಾನೆ ಅಂತಾರೆ."

"ಅನ್ನಲಿ."

"ಮರ್ಸ್‌ಟನ್ನಿನವರು ಚೆನ್ನಾಗಿ ನೋಡ್ಕೋತಾರೆ. ಟಟಲ್ ಕೆಟ್ಟವನಲ್ಲ."

ಪರ್ಸಿಸ್ ಒಲೆಗೆ ಇನ್ನೊಂದು ಸೌದೆ ಹಾಕಿದಳು. ಟಟಲ್ ಕೆಟ್ಟವನಲ್ಲ ಎಂಬುದೂ ನಿಜವೇ. ಅವನು ತನ್ನ ಹಿಮಬಂಡಿಯಲ್ಲಿ ಹುಲ್ಲು ಹಾಸಿ, ಎರಡು ಕಂಬಳಿ ತಂದು, ಮುದುಕಿಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಮಲಗಿಸಿದ. ದಾರಿಯುದ್ದಕ್ಕೂ ಹಾಡು ಹೇಳಿ ನಗಿಸಲು ನೋಡಿದನಂತೆ. ಅವಳು ನಗಲಿಲ್ಲವಂತೆ.

ಅವಳ ಖರ್ಚಿಗೆಂದು ಮರ್ಸ್‌ಟನ್ ಅವಳ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಮೇ ತಿಂಗಳಲ್ಲಿ ಸೌದೆಗೆಂದು ಮೇಪಲ್ ಮರವನ್ನು ಕಡಿದರು. ದಾರಿಯಲ್ಲಿ ಹೋಗುತ್ತಿದ್ದ ಏಸಹೆಲ್ ಗರಗಸದ ಸದ್ದು ಕೇಳಿ ನಿಂತ. ದಿಮ್ಮಿಯೊಂದನ್ನು ಆಗಷ್ಟೇ ಸೀಳಿದ್ದರು. ಬಿಳಿಯ ಮರದೊಳಗೆ, ಎದೆಯ ಎತ್ತರಕ್ಕೆ ಸರಿಯಾಗುವಲ್ಲಿ, ಅಂಗೈಯಗಲದ ಕಪ್ಪು ಕಲೆ ಇತ್ತು. ಮೇಲಿನಿಂದ ಕೆಳಗೆ ಓರೆಯಾಗಿ ಬಿದ್ದ ಕೊಡಲಿಯ ಮೂರು ಏಟು. ಎಲ್ಲೆಯ ಮರಕ್ಕೆ ಮೂರು ಏಟು ಹಾಕುವುದು ಹಳಬರ ಕ್ರಮ.

ಅವನು ಮಂಡಿಯೂರಿ, ಕಲೆಯಿಂದ ತೊಗಟೆಯವರೆಗೆ ಉಂಗುರಗಳನ್ನು ಚೂರಿಯ ಮೊನೆಯಿಂದ ಒಂದೊಂದಾಗಿ ಎಣಿಸಿದ. ಮರ ವರ್ಷಕ್ಕೊಂದು ಉಂಗುರ ಸುತ್ತಿಕೊಳ್ಳುತ್ತದೆ. ಐವತ್ತೊಂಬತ್ತು. ಮತ್ತೊಮ್ಮೆ ಎಣಿಸಿದ. ಐವತ್ತೊಂಬತ್ತೇ. 1853ರಿಂದ ಕಳೆದರೆ 1794.

"ಏನು ಸಿಕ್ತು ಸ್ಕ್ವೈರ್? ಚಿನ್ನವೇ?" ಎಂದ ಗರಗಸದವನೊಬ್ಬ.

ಏಸಹೆಲ್ ನೇರ ಎಲ್ಡನ್ನಿಗೆ ಹೋಗಿ ಊರಿನ ಕಡತಗಳ ಪೆಟ್ಟಿಗೆಯಿಂದ ಪುಸ್ತಕ ತೆಗೆದ. ಕಿಟಕಿಯ ಬೆಳಕಿಗೆ ಹಿಡಿದ. ಸಾವಿರ ಸಲ ನೋಡಿದ್ದ ಪುಟ. 1794ರ ಅಳತೆ ಎಂದು ಬರೆದಿತ್ತು, ಆದರೆ ಬರೆದ ಕೈ ಮುದುಕ ನೋಯ್ಸ್‌ನದು. 1794ರಲ್ಲಿ ನೋಯ್ಸ್ ಇನ್ನೂ ದಿಕ್ಸೂಚಿ ಹಿಡಿಯದ ಹುಡುಗ. ಹಳೆಯ ಪುಸ್ತಕ ನೀರಿಗೆ ನೆನೆದು ಹಾಳಾದಾಗ, 1826ರಲ್ಲಿ, ನೋಯ್ಸ್ ಅದನ್ನು ಹೊಸದಾಗಿ ನಕಲು ಮಾಡಿದ್ದ. ಒಳ್ಳೆಯ ಅಳತೆಗಾರನಾದ್ದರಿಂದ ಅಲ್ಲಿಯವರೆಗಿನ ಮುಳ್ಳಿನ ಸರಿತವನ್ನು ತಾನೇ ಸೇರಿಸಿ ದಿಕ್ಕನ್ನು ತಿದ್ದಿದ್ದ. ತಿದ್ದಿದೆ ಎಂದು ಬರೆಯಲು ಮರೆತಿದ್ದ. ಒಮ್ಮೆ ಸೇರಿಸಿದ್ದನ್ನೇ ಏಸಹೆಲ್ ಮತ್ತೊಮ್ಮೆ ಸೇರಿಸಿದ್ದ. ಬಂಡೆಯ ಬಳಿ ಅದು ಏನೂ ಅಲ್ಲ. ಎರಡೂವರೆ ಮೈಲಿ ಹೋಗುವಷ್ಟರಲ್ಲಿ ನೂರು ಹೆಜ್ಜೆ. ಸೋಮಾರಿ ಅಳತೆಗಾರ ಯಾವನಾದರೂ ಬಂದಿದ್ದರೆ ಗೆರೆ ಇಷ್ಟು ಕೆಡುತ್ತಿರಲಿಲ್ಲ.

ಮರುದಿನ ಬೆಳಗ್ಗೆಯೇ ಅವನು ಗಾಡಿ ಹೂಡಿದ. ಬಡವರ ಮನೆಯ ಹಿಂಬದಿಯಲ್ಲಿ, ಬಿಸಿಲಿಗೆ ಬೆಂಚು ಹಾಕಿ, ಡೋರ್ಕಸತ್ತೆಯನ್ನು ಕೂರಿಸಿದ್ದರು. ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈಗಳು ಸುಮ್ಮನಿದ್ದುದನ್ನು ಅವನು ಎಂದೂ ನೋಡಿರಲಿಲ್ಲ.

ಅವನು ಎಲ್ಲವನ್ನೂ ಹೇಳಿದ. ಮುಳ್ಳು, ನೋಯ್ಸ್, ಮರದೊಳಗಿನ ಮೂರು ಏಟು.

"ಅಂದ್ರೆ ಸೈಲಸ್ ಹೇಳಿದ್ದೇ ಸರಿ," ಎಂದಳು ಅವಳು.

"ಸರಿ ಅತ್ತೆ."

"ಅವನು ಬದುಕಿದ್ದಾಗ ನಾನು ಒಂದು ಸಲವೂ ಅವನಿಗೆ ಹಾಗಂದಿರಲಿಲ್ಲ." ಅವಳ ಬಾಯಿಯ ಕೊನೆಯಲ್ಲಿ ನಗೆಯಂಥದ್ದೊಂದು ಮೂಡಿ ಮರೆಯಾಯಿತು. "ನನ್ನನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದ್ಯಾ?"

"ಹೂಂ ಅತ್ತೆ. ಜೂನ್‌ನಲ್ಲಿ ಶಾಸನಸಭೆ ಸೇರುತ್ತೆ. ನಾನೇ ಎದ್ದು ನಿಂತು ನನ್ನ ಕಾಯಿದೆ ತಪ್ಪು ಅಂತೀನಿ. ಅದು ರದ್ದಾದ ದಿನವೇ ಬಂದು, ಎಲ್ಡನ್ನಿನ ಹೆಂಗಸಾಗಿ, ಯಾರ ಹಂಗೂ ಇಲ್ಲದೆ ಕರ್ಕೊಂಡು ಹೋಗ್ತೀನಿ."

ಅವಳು ಅವನ ಹೆಗಲಾಚೆ, ಬೇಲಿಯ ಬಳಿ ನಿಂತ ಗಾಡಿಯನ್ನು ನೋಡಿದಳು.

"ಇವತ್ತು ಗಾಡಿ ಖಾಲಿ ಇದೆಯಲ್ಲೋ ಏಸ."

"ಇವತ್ತು ಕರ್ಕೊಂಡು ಹೋದ್ರೆ ಕದ್ದ ಹಾಗಾಗುತ್ತೆ ಅತ್ತೆ. ನಾಳೆ ಟಟಲ್ ಬಂದು ಕೇಳಿದ್ರೆ ನನ್ನ ಹತ್ರ ಕಾಗದ ಇರಲ್ಲ. ಒಂದು ತಿಂಗಳು ಅಷ್ಟೇ. ಸರಿಯಾಗಿ ಮಾಡೋಣ."

"ಪ್ರಮಾಣ ಮಾಡ್ತೀಯಾ?"

ಅವನು ಬಲಗೈ ಎತ್ತಿದ.

"ಇಳಿಸು ಕೈ," ಎಂದಳು ಅವಳು ಮೆಲ್ಲಗೆ. "ಹಂದಿ ಹಿಡಿಯೋಕೆ ಹೊರಟವನ ಹಾಗೆ ಕಾಣ್ತೀಯ."

ಗಾಡಿ ಅಂಗಳಕ್ಕೆ ಬಂದಾಗ ಪರ್ಸಿಸ್ ಹೊಸ್ತಿಲಲ್ಲಿ ನಿಂತಿದ್ದಳು. ಮಕ್ಕಳ ಕೋಣೆಯ ಕಿಟಕಿ ತೆರೆದಿತ್ತು. ಹಾಸಿಗೆ ಬಿಸಿಲಿಗೆ ಹಾಕಿತ್ತು. ಅವಳು ಗಾಡಿಯ ಹಿಂಭಾಗ ನೋಡಿದಳು, ಗಂಡನ ಮುಖ ನೋಡಿದಳು, ಹಾಸಿಗೆಯನ್ನು ಮಡಿಚಿ ಒಳಗೆ ತೆಗೆದುಕೊಂಡು ಹೋದಳು.

ಜೂನ್ ತಿಂಗಳಲ್ಲಿ ಏಸಹೆಲ್ ಆ ಮರದ ಹೋಳನ್ನು ಗೋಣಿಯಲ್ಲಿ ಸುತ್ತಿ ಕಾಂಕರ್ಡ್‌ಗೆ ಒಯ್ದ. ಸಭೆ ಅವನಿಗೆ ಮಾತಾಡಲು ಬಿಟ್ಟದ್ದು ಮೂರನೆಯ ವಾರದಲ್ಲಿ, ಊಟಕ್ಕೆ ಏಳುವ ಮುಂಚಿನ ಹೊತ್ತಿನಲ್ಲಿ. ಅವನು ಹೋಳನ್ನು ಮೇಜಿನ ಮೇಲಿಟ್ಟ.

"ಪ್ರತಿನಿಧಿ ಮಹಾಶಯರಿಗೆ ಜೂನ್‌ನಲ್ಲೂ ಚಳಿಯೋ?" ಎಂದಿತು ಒಂದು ದನಿ. "ಸೌದೆ ತಂದಿದ್ದಾರೆ!"

"ನಾನು ತಪ್ಪು ಮಾಡಿದ್ದೇನೆ," ಎಂದ ಏಸಹೆಲ್. ಆ ಕೋಣೆಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. "ಈ ಮರ ಸಾಕ್ಷಿ."

"ಹಾಗಾದ್ರೆ ಮರಕ್ಕೆ ಪ್ರಮಾಣ ಮಾಡಿಸಿ!" ಎಂದ ಇನ್ನೊಬ್ಬ. ನಗೆ ಚಾವಣಿ ಮುಟ್ಟಿತು.

ನಗೆಯನ್ನು ಅವನು ತಾಳಿಕೊಳ್ಳುತ್ತಿದ್ದ. ಆದರೆ ಮರ್ಸ್‌ಟನ್ನಿನ ಪ್ರತಿನಿಧಿ ಎದ್ದು ಒಂದು ಮನವಿಯನ್ನು ಓದಿದ. ಎಲ್ಲೆಯನ್ನು ಬದಲಿಸಬಾರದು ಎಂಬ ಮನವಿ. ಬರೆದವರು ಮರ್ಸ್‌ಟನ್ನಿನವರಲ್ಲ, ಎಲ್ಡನ್ನಿನವರೇ. ಹೊಸ ಗೆರೆಯಿಂದಾಗಿ ಬಡಗಣದ ಮುರುಕು ಸೇತುವೆಯೂ ಮರ್ಸ್‌ಟನ್ ಪಾಲಾಗಿತ್ತು. ಅದರ ದುರಸ್ತಿಯ ಖರ್ಚನ್ನು ಮತ್ತೆ ಕೊರಳಿಗೆ ಕಟ್ಟಿಕೊಳ್ಳಲು ಎಲ್ಡನ್ ಸಿದ್ಧವಿರಲಿಲ್ಲ. ನಲವತ್ತೊಂದು ಸಹಿ. ಒಂದೊಂದು ಹೆಸರು ಓದುವಾಗಲೂ ಏಸಹೆಲ್‌ನ ಕಣ್ಣಿಗೆ ಅದರ ಹಿಂದೆ ಅತ್ತೆಯ ಕೈಗಳು ಕಂಡವು. ಬಿಸಿನೀರಲ್ಲಿ ಅದ್ದಿದ, ಹೊಸ ಕೂಸನ್ನು ಹಿಡಿದ ಕೈಗಳು. ವಿಷಯವನ್ನು ಮುಂದಿನ ವರ್ಷಕ್ಕೆ ಹಾಕಿದರು. ಜವಾನ ಮರದ ಹೋಳನ್ನು ಅವನ ಕೈಗೆ ಕೊಟ್ಟು, "ಮೇಜು ಗೀರಿದೆ ಸ್ವಾಮಿ," ಎಂದ.

ಸಭೆ ಮುಗಿದ ಮೇಲೆ ಅವನು ಎಲ್ಡನ್ನಿಗೆ ಹೋಗಲಿಲ್ಲ. ಗಾಡಿಯನ್ನು ಬಾಡಿಗೆಗೆ ಹಿಡಿದು ನೇರ ಮರ್ಸ್‌ಟನ್ ಬಡವರ ಮನೆಗೆ ಹೋದ. ಕಾಗದ ಇರಲಿಲ್ಲ. ಟಟಲ್ ಕೇಳಿದರೆ ಕದ್ದೆ ಎಂದೇ ಹೇಳುವುದೆಂದು ದಾರಿಯಲ್ಲಿ ತೀರ್ಮಾನಿಸಿದ್ದ.

ಬೆಂಚು ಖಾಲಿಯಿತ್ತು. ಬಾಗಿಲಲ್ಲಿದ್ದವನು ಹೊಸ ಮೇಲ್ವಿಚಾರಕ.

"ಜ್ವರ ಬಂತು ಸ್ವಾಮಿ. ಹಿಂದಿನವರು ಹೆದರಿ ಬಿಟ್ಟುಹೋದ್ರು. ಹತ್ತು ದಿನದಲ್ಲಿ ಏಳು ಜನ. ನಾನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು."

"ಡೋರ್ಕಸ್ ವೈಮನ್?"

ಅವನು ಕಾಗದವೊಂದನ್ನು ನೋಡಿದ. "ಇದಾರೆ. ಏಳರಲ್ಲಿ ಒಬ್ರು."

ಇಳಿಜಾರಿನ ಹುಲ್ಲುಗಾವಲಿನಲ್ಲಿ ಏಳು ಮಣ್ಣಿನ ದಿಬ್ಬಗಳಿದ್ದವು. ಹುಲ್ಲು ಆಗಲೇ ಹಸಿರಾಗಿತ್ತು. ಕುರಿಗಳು ಮೇಯುತ್ತಿದ್ದವು. ಸುತ್ತ ಅಲ್ಲೊಂದು ಇಲ್ಲೊಂದು ಅಂಕೆ ಬರೆದ ಗೂಟಗಳು ಬಿದ್ದಿದ್ದವು.

"ಗೂಟ ನೆಟ್ಟಿದ್ರಂತೆ," ಎಂದ ಮೇಲ್ವಿಚಾರಕ. "ಕುರಿಗಳು ಮೈಯುಜ್ಜಿ ಬೀಳಿಸಿಬಿಟ್ಟವು."

ವಾರದ ಮೇಲೆ, ಏಳರಲ್ಲಿ ಅವಳ ದಿಬ್ಬ ಯಾವುದೆಂದು ಹುಡುಕಲು, ಏಸಹೆಲ್ ದಿಕ್ಸೂಚಿ, ಸರಪಳಿ ತಂದ. ಟಟಲ್ ಕೂಡ ಬಂದ, ಸರಪಳಿಯ ಇನ್ನೊಂದು ತುದಿ ಹಿಡಿದ. ಅವಳನ್ನು ತೆಗೆದುಕೊಂಡು ಹೋಗಿ ಸೈಲಸ್‌ನ ಪಕ್ಕ ಮಲಗಿಸಲು ಟಟಲ್ ಯಾವ ಕಾಗದವನ್ನೂ ಕೇಳಲಿಲ್ಲ. "ಒಯ್ಯಿರಿ ಸ್ಕ್ವೈರ್, ಯಾರು ಬೇಡ ಅಂತಾರೆ," ಎಂದ. "ಅವತ್ತು ಮೇ ತಿಂಗಳಲ್ಲೇ ಒಯ್ದಿದ್ರೂ ನಾನು ಕೇಳ್ತಿರಲಿಲ್ಲ. ನಮಗೂ ಒಂದು ಬಾಯಿ ಕಡಿಮೆ ಆಗ್ತಿತ್ತಲ್ಲ."

ಏಸಹೆಲ್ ಸರಪಳಿಯನ್ನು ಕೈಯಲ್ಲಿ ಹಿಡಿದು ನಿಂತ. ದಿಕ್ಸೂಚಿಯ ಮುಳ್ಳು ನಡುಗಿ, ನಡುಗಿ, ನಿಂತಿತು. ಎಲ್ಲಿಂದ ಅಳೆಯುವುದು? ಬೇಲಿಯಿಂದ ಎಷ್ಟು ಹೆಜ್ಜೆ ಎಂದು ಯಾರೂ ಬರೆದಿರಲಿಲ್ಲ. ಹೂತವರು ಊರು ಬಿಟ್ಟಿದ್ದರು. ಏಳು ದಿಬ್ಬಗಳು, ಏಳು ಗೂಟಗಳು, ಒಂದಕ್ಕೊಂದು ಸೇರಿಸುವ ಗೊತ್ತಿರುವ ಜಾಗ ಒಂದೂ ಇಲ್ಲ. ಮಧ್ಯಾಹ್ನದವರೆಗೆ ನಿಂತು, ದಿಕ್ಸೂಚಿಯ ಮುಚ್ಚಳ ಮುಚ್ಚಿದ. ಅಳತೆಗೆಂದು ಅದನ್ನು ಮತ್ತೆಂದೂ ತೆರೆಯಲಿಲ್ಲ.

ಮರು ವರ್ಷದ ಮಾರ್ಚ್ ಸಭೆಯಲ್ಲಿ ಊರು ಬೇರೊಬ್ಬನನ್ನು ಶಾಸನಸಭೆಗೆ ಆರಿಸಿತು. ಏಸಹೆಲ್‌ನ ಕಾಯಿದೆ ಹಾಗೇ ಉಳಿಯಿತು. ಈಗಲೂ ಹಿರಿಯರು ಏಳು ವರ್ಷಕ್ಕೊಮ್ಮೆ ನಡೆಯುವುದು ಅದೇ ಗೆರೆಯನ್ನು. ಅವನು ಇನ್ನೂ ಹದಿನಾಲ್ಕು ವರ್ಷ ಬದುಕಿದ. ಪರ್ಸಿಸ್ ಅವನಿಗೆ ಬಡಿಸಿದಳು, ಬಟ್ಟೆ ಹೊಲಿದಳು, ಕಾಯಿಲೆಯಲ್ಲಿ ನೋಡಿಕೊಂಡಳು. ಆ ಖಾಲಿ ಗಾಡಿಯ ಮಾತನ್ನು ಮಾತ್ರ ಒಂದು ದಿನವೂ ಎತ್ತಲಿಲ್ಲ.

ಒಮ್ಮೆ ಅವಳೇ ಕಲ್ಲುಕುಟಿಗನನ್ನು ಸೈಲಸ್‌ನ ಸಮಾಧಿಯ ಬಳಿ ಕರೆತಂದಳು. ವರ್ಷವನ್ನಾದರೂ ಕೆತ್ತಿಸೋಣ ಎಂಬುದು ಅವಳ ಆಸೆ. ಕುಟಿಗ ಉಳಿ ಇಟ್ಟು, ಸುತ್ತಿಗೆ ಎತ್ತಿದ.

"ಬೇಡ," ಎಂದ ಏಸಹೆಲ್.

"ಯಾಕೆ?" ಎಂದಳು ಪರ್ಸಿಸ್.

"ಅವಳು ಇಲ್ಲಿಲ್ಲ. ಇಲ್ಲದ ಕಡೆ ಗುರುತು ಹಾಕಿದ್ರೆ ಅದೂ ಸುಳ್ಳು ಗುರುತೇ."

ಪರ್ಸಿಸ್ ಕುಟಿಗನ ಕಡೆ ತಿರುಗಿ, "ಹೋಗಪ್ಪ," ಎಂದಳು. "ಇವರು ಸರಿಯಾಗೇ ಹೇಳ್ತಾರೆ. ಯಾವಾಗಲೂ ಸರಿಯಾಗೇ ಹೇಳ್ತಾರೆ."

ಕಲ್ಲು ಇನ್ನೂ ಹಾಗೇ ಇದೆ. ಡೋರ್ಕಸ್, ಅವನ ಹೆಂಡತಿ, 1779. ಮುಂದೆ ಒಂದು ಬೆರಳಗಲ ನುಣುಪು ಜಾಗ. ಮಳೆ ಬಂದಾಗ ಅಕ್ಷರಗಳಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ನಿಲ್ಲುವುದಿಲ್ಲ.